ಅಪ್‌ಡೇಟ್: ಹೊಲಿಗೆ ಹಾಕಿದ ಗ್ರೀಟಿಂಗ್ ಕಾರ್ಡ್ ಈಗ ಹರಿಯುತ್ತಿಲ್ಲ

ಯುಗಾದಿಗೆ ಕಳಿಸೋಣ ಅಂತ ಕಾರ್ಡ್ ಮಾಡುತ್ತಿದ್ದೇನೆ, ಮಾವಿನ ತೋರಣವನ್ನು ಮಷೀನಿನಲ್ಲಿ ಹೊಲಿದರೆ ಆ ಸಾಲಿನುದ್ದಕ್ಕೂ ಕಾಗದ ಹರಿದು ಬರುತ್ತದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಅದು ಸರಿಹೋಯಿತು.

ಕೆಲಸಕ್ಕೆ ಬಂದದ್ದು ಹೊಲಿಗೆ ಉದ್ದ ಮಾಡಿ ಅಂದವರ ಮಾತು. 2 ಮಿ.ಮೀ. ಇದ್ದದ್ದನ್ನು 4ಕ್ಕೆ ಏರಿಸಿದೆ. ತೂತುಗಳು ಒತ್ತೊತ್ತಾಗಿ ಬಿದ್ದರೆ ಕಾಗದ ಅಂಚೆಚೀಟಿ ಹಾಳೆಯ ಹಾಗಾಗುತ್ತದೆ, ಸ್ವಲ್ಪ ಮಡಚಿದರೂ ಕಿತ್ತು ಬರುತ್ತದೆ. ಕೊನೆಯಲ್ಲಿ ಹಿಂದೆ ಮುಂದೆ ಹೊಲಿದು ಲಾಕ್ ಮಾಡುವುದನ್ನೂ ಬಿಟ್ಟೆ. ದಾರದ ತುದಿಗಳನ್ನು ಹಿಂಬದಿಗೆ ಎಳೆದು ಟೇಪ್ ಅಂಟಿಸಿ, ಅದು ಕಾಣದ ಹಾಗೆ ಒಂದು ಬಿಳಿ ಹಾಳೆ ಅಂಟಿಸಿದರೆ ಮುಗೀತು. 250 ಜಿಎಸ್‌ಎಂ (ಚದರ ಮೀಟರಿಗೆ 250 ಗ್ರಾಂ ತೂಗುವ) ದಪ್ಪ ಹಾಳೆ ತಗೊಳ್ಳಿ ಅಂದವರಿಗೂ ಥ್ಯಾಂಕ್ಸ್.

ದಪ್ಪ ಸೂಜಿ ಹಾಕಿ ಅನ್ನೋ ಸಲಹೆ ಮಾತ್ರ ಉಲ್ಟಾ ಹೊಡೀತು, ತೂತು ಇನ್ನೂ ದೊಡ್ಡದಾಯಿತು ಅಷ್ಟೇ. ಅಡಿಯಲ್ಲಿ ಟಿಶ್ಯೂ ಇಟ್ಟರೂ ಏನೂ ವ್ಯತ್ಯಾಸ ಕಾಣಲಿಲ್ಲ.

ಎಲೆಯ ತುದಿಯ ತಿರುವುಗಳಿಗೆ ಮಷೀನ್ ಸಹವಾಸವೇ ಬೇಡ. ಕಾರ್ಡನ್ನು ಥರ್ಮಾಕೋಲ್ ಮೇಲಿಟ್ಟು ಗುಂಡುಸೂಜಿಯಿಂದ ಮೊದಲೇ ಚುಚ್ಚಿಕೊಂಡು, ಎರಡೆಳೆ ಹಸಿರು ಕಸೂತಿ ದಾರದಲ್ಲಿ ಕೈಯಲ್ಲೇ ಹೊಲಿದೆ. ಸುಮ್ನೆ ಹೇಳ್ತಿಲ್ಲ, ಅದೇ ಜಾಸ್ತಿ ಚೆಂದ ಬಂತು.

ಗೊತ್ತಿರದಿದ್ದ ಇನ್ನೊಂದು ವಿಷಯ: ಕಾಗದ ಹೊಲಿದರೆ ಸೂಜಿ ಬೇಗ ಮೊಂಡಾಗುತ್ತದೆ. ಅದರಲ್ಲೇ ಬ್ಲೌಸ್ ಹೊಲಿಯಲು ಕೂತರೆ ಬಟ್ಟೆಯ ಎಳೆ ಕಿತ್ತು ಬರುತ್ತದೆ. ಹಾಗಾಗಿ ಕಾಗದಕ್ಕೇ ಒಂದು ಸೂಜಿ ಬೇರೆ ಇಟ್ಟುಕೊಳ್ಳಿ. ಮಷೀನಿನ ಬಾಬಿನ್ (ಅಡಿ ದಾರದ ಉರುಳೆ) ಹತ್ತಿರ ಕಾಗದದ ಪುಡಿ ಕೂತಿರುತ್ತದೆ, ಅದನ್ನೂ ಬ್ರಷ್‌ನಿಂದ ತೆಗೆಯಿರಿ.