ಅಪ್‌ಡೇಟ್: ಕೊಂಬು ಸಿಕ್ಕಿಕೊಂಡಿದ್ದ ಜಿಂಕೆಗಳು ಬದುಕಿದವು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನಮ್ಮ ಮನೆಯ ಹಿಂದಿನ ಕಾಡಿನಲ್ಲಿ ಎರಡು ಗಂಡು ಜಿಂಕೆಗಳ ಕೊಂಬುಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ, ಯಾರನ್ನು ಕರೆಯಲಿ ಎಂದು ಕೇಳಿದ್ದೆ. ನಿಮ್ಮ ಸಲಹೆಯಂತೆ ಹತ್ತಿರ ಹೋಗದೆ ವನ್ಯಜೀವಿ ಅಧಿಕಾರಿಗಳಿಗೆ ಫೋನ್ ಮಾಡಿದೆ. ಅವರ ಒಪ್ಪಿಗೆ ಪಡೆದು ಬಂದವರು ಪಕ್ಕದ ಜಮೀನಿನ ಬೇಟೆಗಾರರು! ನವೆಂಬರಿನ ಬೆದೆಗಾಲದ ಕಾದಾಟದಲ್ಲಿ ಹೀಗಾಗುವುದುಂಟು. ಬಿಡಿಸದಿದ್ದರೆ ದಣಿದು, ಹಸಿದು ಎರಡೂ ಸಾಯುತ್ತವೆ. ಒಬ್ಬರು ಜಿಂಕೆಗಳ ಕಣ್ಣು ಮುಚ್ಚುವಂತೆ ಕಂಬಳಿ ಹೊದಿಸಿ ಹಿಡಿದರು, ಇನ್ನೊಬ್ಬರು ಗರಗಸದಿಂದ ಒಂದು ಕವಲನ್ನು ಕತ್ತರಿಸಿದರು. ನೋವಾಗುತ್ತದೆಂದು ನನಗೆ ಜೀವ ಹಿಂಡಿದಂತಾಗಿತ್ತು. ಆದರೆ ಈ ಕಾಲಕ್ಕೆ ಕೊಂಬು ಬರೀ ಸತ್ತ ಮೂಳೆ. ಚಳಿಗಾಲದಲ್ಲಿ ತಾನೇ ಉದುರಿ, ವಸಂತದಲ್ಲಿ ಹೊಸದು ಮೂಡುತ್ತದೆ. ಎರಡೂ ಎದ್ದು ಓಡಿದವು. ಬೇಟೆಯ ಪರವಾನಗಿ ಇದ್ದರೂ ಅವರು ಬಂದೂಕು ಮುಟ್ಟಲಿಲ್ಲ. ಅವರಿಗೂ ನಿಮಗೂ ಮನಸಾರೆ ವಂದನೆಗಳು.