ಅಪ್‌ಡೇಟ್: ಕೊನೆಗೂ ಗೆಂಡೆ ಮೀನು (ಕಾಮನ್ ಕಾರ್ಪ್) ಬಿತ್ತು!

ಎರೆಹುಳಕ್ಕೆ ಬರೀ ಜಿಲೇಬಿ ಮೀನೇ (ತಿಲಾಪಿಯಾ) ಬೀಳುತ್ತಿದೆ, ನಮ್ಮೂರ ಕೆರೆಯಲ್ಲಿ ಗೆಂಡೆ ಹಿಡಿಯುವುದು ಹೇಗೆ ಅಂತ ಕೇಳಿದ್ದೆ ಅಲ್ವಾ? ಭಾನುವಾರ ನೀವು ಹೇಳಿದ ಹಾಗೇ ಮಾಡಿದೆ. ಕೆರೆ ಗುತ್ತಿಗೆ ಹಿಡಿದವರನ್ನು ಮೊದಲೇ ಕೇಳಿಕೊಂಡಿದ್ದೆ.

ಕಡಲೆಕಾಯಿ ಹಿಂಡಿ ನೆನೆಸಿ, ಗೋಧಿ ಹಿಟ್ಟು ಸೇರಿಸಿ ಗಟ್ಟಿಯಾಗಿ ಕಲಸಿದೆ. ಗೆಂಡೆ ತಳದ ಕೆಸರು ಕೆದಕಿ ತಿನ್ನುವ ಮೀನು. ಅದಕ್ಕೇ ಗಾಳ ತಳ ಮುಟ್ಟುವಂತೆ ದಾರಕ್ಕೆ ಕಟ್ಟಿದ, ನೀರ ಮೇಲೆ ತೇಲುವ ಬೆಂಡನ್ನು ಮೇಲಕ್ಕೆ ಸರಿಸಿದೆ. ಬಿಸಿಲೇರುವವರೆಗೂ ಏನೂ ಇಲ್ಲ. ಆಮೇಲೆ ಸಣ್ಣ ಗುಳ್ಳೆಗಳು ಎದ್ದವು. ಬೆಂಡು ನಡುಗಿತು, ಅಡ್ಡಕ್ಕೆ ಸರಿಯಿತು, ಮುಳುಗೇ ಹೋಯಿತು. ಎಳೆದರೆ ಗೆಂಡೆಯೇ! ಬಾಯಿಯ ಎರಡೂ ಬದಿ ಮೀಸೆ, ಹಳದಿ ಹೊಟ್ಟೆ. ಎಷ್ಟು ಖುಷಿಯಾಯಿತು ಗೊತ್ತಾ!

ಜಿಲೇಬಿಗಳ ಕಾಟ ಹಿಂಡಿಗೂ ಇತ್ತು. ಉಂಡೆ ದೊಡ್ಡದು ಮಾಡಿದ ಮೇಲೆ ಕಡಿಮೆಯಾಯಿತು. ಹೇಳಿಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್. ಮುಂದೆ ಕಾಟ್ಲಾಗೆ ಕೂರುತ್ತೇನೆ. ಅದು ಮೇಲ್ನೀರಿನ ಮೀನು, ಬೆಂಡನ್ನು ಗಾಳದ ಹತ್ತಿರಕ್ಕೆ ಇಳಿಸಬೇಕು.