ಮಿಡ್ಜೆಟ್: ಅಲಾಯ್ ಹೊಸದು, ಟಯರ್ ಹೊಸದು, 50 ದಾಟಿದರೆ ಸ್ಟೀರಿಂಗ್ ನಡುಕ. ತಲೆ ಕೆಟ್ಟಿದೆ

ಮಿಡ್ಜೆಟ್_ಮಾವ (ರೆಡಿಂಗ್)
ನಮಸ್ಕಾರ. ದುಡ್ಡು ಸುರಿದು ಸಾಕಾಗಿದೆ, ಯಾರಾದರೂ ದಾರಿ ತೋರಿಸಿ. ನನ್ನ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿ ಮಿಡ್ಜೆಟ್‌ಗೆ ಹೊಸ ಅಲಾಯ್ ಚಕ್ರ ಹಾಕಿದೆ, ಮಿನಿಲೈಟ್ ತರಹ ಎಂಟು ಕಡ್ಡಿಯದು. ಟಯರೂ ಹೊಸದು. 45 ಮೈಲಿ ತನಕ ಏನೂ ತೊಂದರೆ ಇಲ್ಲ. 50 ದಾಟಿದ ತಕ್ಷಣ ಸ್ಟೀರಿಂಗ್ ನಡುಗಲು ಶುರು. 60ಕ್ಕೆ ಕನ್ನಡಿಯಲ್ಲಿ ಹಿಂದಿನ ಗಾಡಿ ಒಂದು ಎರಡಾಗಿ ಕಾಣುತ್ತದೆ. ಎಂ4 ಹೆದ್ದಾರಿ ಹತ್ತುವುದನ್ನೇ ಬಿಟ್ಟಿದ್ದೇನೆ. ಬ್ಯಾಲೆನ್ಸಿಂಗ್ ಮತ್ತೆ ಮಾಡಿಸಿದೆ, ಮಿಷಿನ್ ಸೊನ್ನೆ ತೋರಿಸುತ್ತದೆ. ಹಳೇ ಕಾರು, ಹೀಗೇ ಇರೋದು ಅಂತ ಟಯರ್ ಅಂಗಡಿಯವನು ಕೈ ತೊಳೆದುಕೊಂಡ. ಹಳೇ ಚಕ್ರದಲ್ಲಿ ಈ ಕಾಟ ಇರಲಿಲ್ಲ. ಏನು ಬದಲಾಯಿಸಲಿ?

ಗ್ರೀಸ್_ಗನ್ (ಲೆಸ್ಟರ್)
ಕಿಂಗ್‌ಪಿನ್. ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ತಿರುಗುವ ಪಿನ್ನು ಅದು. ಕಣ್ಣು ಮುಚ್ಚಿ ಹೇಳುತ್ತೇನೆ. ಮುಂದಿನ ಚಕ್ರ ಜ್ಯಾಕ್ ಹಾಕಿ ಎತ್ತಿ. ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಆಟ, ಅಂದರೆ ಸಡಿಲ, ಕಂಡರೆ ಮನೆಯವರನ್ನು ಒಳಗೆ ಕೂರಿಸಿ ಬ್ರೇಕ್ ತುಳಿಯಲು ಹೇಳಿ. ಆಟ ಹೋದರೆ ಬೇರಿಂಗ್. ಹೋಗದಿದ್ದರೆ ಕಿಂಗ್‌ಪಿನ್ನೇ, ಬೇರೆ ಮಾತಿಲ್ಲ. ಈ ಕಾರುಗಳಿಗೆ ಯಾರೂ ಸರಿಯಾಗಿ ಗ್ರೀಸ್ ಹೊಡೆಯುವುದಿಲ್ಲ, ಅದೇ ರೋಗ.

ಕೋವೆಂಟ್ರಿ_ಕುಳ್ಳ
ಸರ್, ಕಾರು ಯಾವ ವರ್ಷದ್ದು? ಟಯರ್ ಸೈಜು? ಚಕ್ರದ ಅಗಲ? ಗಾಳಿ ಎಷ್ಟು? ಇದ್ಯಾವುದೂ ಹೇಳದೆ ಏನು ಬದಲಾಯಿಸಲಿ ಅಂದರೆ ಜಾತಕ ಇಲ್ಲದೆ ಭವಿಷ್ಯ ಕೇಳಿದ ಹಾಗೆ.

ಮಿಡ್ಜೆಟ್_ಮಾವ
1973, 1275 ಇಂಜಿನ್. ಟಯರ್ 175/70 ಆರ್13 (ಅಗಲ 175 ಮಿ.ಮೀ., ಪಕ್ಕದ ಎತ್ತರ ಅದರ 70%, ಚಕ್ರ 13 ಇಂಚು). ಚಕ್ರ ಐದೂವರೆ ಇಂಚು ಅಗಲ. ಗಾಳಿ ಅಂಗಡಿಯವನೇ ತುಂಬಿದ್ದು, 32 ಇರಬೇಕು. ಹಿಂದೆ ಎಡಗಡೆ ಹಂಪ್ ಹಾರಿದಾಗ ಸವರುವ ಸದ್ದೂ ಬರುತ್ತದೆ, ಅದು ದೊಡ್ಡದಲ್ಲ. ಕಿಂಗ್‌ಪಿನ್ ಹೋದ ವರ್ಷ ಹೊಸದು ಹಾಕಿಸಿದ್ದೇನೆ. ಜ್ಯಾಕ್ ಹಾಕಿ ನೋಡಿದೆ, ಆಟ ಇಲ್ಲ.

ಗ್ರೀಸ್_ಗನ್
ಹೊಸದು ಅಂದ ಮಾತ್ರಕ್ಕೆ ಸರಿ ಇದೆ ಅಂತಲ್ಲ. ಬುಷ್ ರೀಮ್ ಮಾಡಿದ್ದು (ತೂತು ನಯವಾಗಿ ಕೊರೆದದ್ದು) ಯಾರು? ಅಳತೆಗೆ ಮಾಡಿದ್ದಾರಾ, ಅಂದಾಜಿಗೆ ತಿರುವಿದ್ದಾರಾ? ಮತ್ತೆ ಬಿಚ್ಚಿಸಿ ನೋಡಿ.

ಕೋವೆಂಟ್ರಿ_ಕುಳ್ಳ
ಸ್ವಲ್ಪ ತಡೀರಿ, ಬಿಚ್ಚಿಸುವ ಮೊದಲು ಗಾಳಿ ಇಳಿಸಿ. 32 ಈಗಿನ ಕಾರಿನ ಲೆಕ್ಕ. ನಿಮ್ಮ ಕಾರಿನ ತೂಕ 700 ಕೆಜಿ ಆಸುಪಾಸು. ಹ್ಯಾಂಡ್‌ಬುಕ್‌ನಲ್ಲಿ ರೇಡಿಯಲ್‌ಗೆ ಮುಂದೆ 22, ಹಿಂದೆ 24 ಪಿಎಸ್ಐ. 32 ತುಂಬಿದರೆ ಇಷ್ಟು ಹಗುರದ ಕಾರಿನಲ್ಲಿ ಟಯರ್ ನಡು ಮಾತ್ರ ರಸ್ತೆಗೆ ತಾಗುತ್ತದೆ. ಪ್ರತಿ ಗುಂಡಿಯೂ ನೇರ ಸೊಂಟಕ್ಕೆ. ನಡುಕ ಇದರಿಂದಲೇ ಅಂತ ಹೇಳುತ್ತಿಲ್ಲ, ಆದರೆ ಸಣ್ಣ ನಡುಕವೂ ಜಾಸ್ತಿ ಗೊತ್ತಾಗುತ್ತದೆ.

ಇನ್ನು ಸೈಜು. ಈ ಕಾರಿಗೆ ಬರುತ್ತಿದ್ದದ್ದು 145 ಆರ್13. ಅದರ ಎತ್ತರ 562 ಮಿ.ಮೀ. 165/70 ಆರ್13 ಹಾಕಿದರೆ 561. ಬರೀ ಒಂದು ಮಿ.ಮೀ. ವ್ಯತ್ಯಾಸ, ಸ್ಪೀಡೋಮೀಟರ್‌ಗೂ ಗೊತ್ತಾಗುವುದಿಲ್ಲ. ನಿಮ್ಮ 175/70 ಲೆಕ್ಕ ಹಾಕಿ: 575. ಎತ್ತರವೂ ಜಾಸ್ತಿ, ಅಗಲವೂ ಜಾಸ್ತಿ, ಅದಕ್ಕೇ ಹಿಂದೆ ಸವರುತ್ತಿರುವುದು. 72ರಿಂದ 74ರ ತನಕ ಹಿಂದಿನ ಆರ್ಚ್ (ಚಕ್ರದ ಮೇಲಿನ ಕಮಾನು) ದುಂಡಗೆ ಬಂತು, ನಿಮ್ಮದು ಅದೇ. ಚಕ್ರ ತೆಗೆಯಲು ಸಲೀಸು. ಆದರೆ ಟಯರ್ ಸವರುವುದು ಒಳಗೆ, ಅಂಚು ಮಡಿಸಿದ ಕಡೆ. ಐವತ್ತು ವರ್ಷದ ಕಾರಿನಲ್ಲಿ ಎಡಕ್ಕೂ ಬಲಕ್ಕೂ ಒಂದೇ ಗ್ಯಾಪ್ ಇರುವುದೂ ಇಲ್ಲ. ಜೊತೆಗೆ 60 ತೋರಿಸುವಾಗ ನೀವು ನಿಜವಾಗಿ 61ರ ಮೇಲಿರುತ್ತೀರಿ. ಕ್ಯಾಮೆರಾ ಮುಂದೆ ಜೋಪಾನ.

ಅಗಲದ ಟಯರ್ ಹಾಕಿದರೆ ಹಿಡಿತ ಜಾಸ್ತಿ ಅನ್ನುವುದು ಭಾರದ ಕಾರಿನ ಮಾತು. ಮಿಡ್ಜೆಟ್‌ನ ಮಜಾ ಇರುವುದೇ ಅದರ ಹಗುರ ಸ್ಟೀರಿಂಗ್‌ನಲ್ಲಿ. ಪವರ್ ಸ್ಟೀರಿಂಗ್ ಇಲ್ಲದ ಕಾರಿಗೆ ಅಗಲದ ಟಯರ್ ಹಾಕಿ ಪಾರ್ಕಿಂಗ್‌ನಲ್ಲಿ ಬೆವರುವುದು ಯಾಕೆ?

ಸ್ಪೋಕ್_ಶೆಟ್ರು (ಸ್ವಿಂಡನ್)
ಅಲಾಯ್ ಯಾಕೆ ಹಾಕಿದಿರಿ ಅಂತ ನನ್ನ ಪ್ರಶ್ನೆ. ಎಂಜಿಗೆ ವೈರ್ ವೀಲೇ ಶೋಭೆ. ನನ್ನದು 60 ಸ್ಪೋಕ್, ಕ್ರೋಮ್ ಅಲ್ಲ, ಬೆಳ್ಳಿ ಬಣ್ಣ. ತಾಮ್ರದ ಸುತ್ತಿಗೆಯಲ್ಲಿ ಎರಡು ಏಟು ಹೊಡೆದರೆ ಚಕ್ರ ಕೈಗೆ ಬರುತ್ತದೆ. ಹಬ್‌ನ ಸ್ಪ್ಲೈನ್ ಹಲ್ಲುಗಳಿಗೆ ವರ್ಷಕ್ಕೊಮ್ಮೆ ಗ್ರೀಸ್, ಒಳಗೆ ಟ್ಯೂಬ್, ಅಷ್ಟೇ. ಶೋಗಳಲ್ಲಿ ಜನ ನಿಂತು ಫೋಟೋ ತೆಗೆಯುತ್ತಾರೆ. ನಾಳೆ ಫೋಟೋ ಹಾಕುತ್ತೇನೆ.

ಕೋವೆಂಟ್ರಿ_ಕುಳ್ಳ
ಶೆಟ್ರೇ, ಅವರ ಕಾರು ನಟ್ ಹಾಕುವ ಚಕ್ರದ್ದು. ವೈರ್‌ಗೆ ಹೋಗಬೇಕಾದರೆ ಹಬ್ ಬೇರೆ, ಹಿಂದಿನ ಆಕ್ಸಲ್ಲೂ ಬೇರೆ. ನಡುಕಕ್ಕೆ ಮದ್ದು ಕೇಳಿದವರಿಗೆ ಆಕ್ಸಲ್ ಮಾರಬೇಡಿ.

ಆರ್ಟಿಕಲ್_15 (ಮಿಲ್ಟನ್ ಕೀನ್ಸ್)
ಟಯರ್ ತಯಾರಾದ ದಿನ ನೋಡಿದ್ದೀರಾ? 13 ಇಂಚಿನ ಟಯರ್ ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತದೆ, ಅದನ್ನೇ ಹೊಸದು ಅಂತ ಕೊಡುತ್ತಾರೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3212 ಅಂತಿದ್ದರೆ 2012ರ 32ನೇ ವಾರ. ಹತ್ತು ವರ್ಷ ದಾಟಿದ ಟಯರ್ ಈಗ ಕಾನೂನುಬಾಹಿರ.

ಕೋವೆಂಟ್ರಿ_ಕುಳ್ಳ
ಮೊದಲರ್ಧ ಸರಿ, ಎರಡನೆಯದು ತಪ್ಪು. ಬ್ರಿಟನ್ನಿನ 2021ರ ಕಾನೂನು ಲಾರಿ, ಬಸ್ಸು, ಕೋಚ್‌ಗಳ ಮುಂದಿನ ಆಕ್ಸಲ್‌ಗೆ ಮತ್ತು ಮಿನಿಬಸ್ಸಿನ ಒಂಟಿ ಚಕ್ರಗಳಿಗೆ. ಕಾರಿಗೆ ಇಲ್ಲ.

ಆರ್ಟಿಕಲ್_15
ಎಂಒಟಿಯಲ್ಲಿ, ವರ್ಷದ ಗಾಡಿ ತಪಾಸಣೆಯಲ್ಲಿ, ಫೇಲ್ ಮಾಡುತ್ತಾರೆ ಸರ್.

ಕೋವೆಂಟ್ರಿ_ಕುಳ್ಳ
40 ವರ್ಷ ದಾಟಿದ ಕಾರಿಗೆ ಎಂಒಟಿಯೇ ಬೇಕಿಲ್ಲ, ದೊಡ್ಡ ಮಾರ್ಪಾಡು ಮಾಡಿರದಿದ್ದರೆ. 2018ರಿಂದ ಹೀಗೆ.

ಆರ್ಟಿಕಲ್_15
ಎಂಒಟಿ ಇಲ್ಲ ಅಂತ ಹಳೇ ಟಯರ್‌ನಲ್ಲಿ ಓಡಿಸಿ ಅನ್ನುತ್ತಿದ್ದೀರಾ? ಒಳ್ಳೆ ಸಲಹೆ.

ಕೋವೆಂಟ್ರಿ_ಕುಳ್ಳ
ಎಲ್ಲಿ ಹಾಗಂದೆ? ಕಾನೂನು ಏನು ಅಂತ ಹೇಳಿದೆ. ನಾನು ಏಳೆಂಟು ವರ್ಷಕ್ಕೇ ಬದಲಾಯಿಸುವವನು.

ಮಿಡ್ಜೆಟ್_ಮಾವ
ಜಗಳ ಆಮೇಲೆ ಆಡಿ. ಟಯರ್ ಹೋದ ವರ್ಷದ್ದು, ನೋಡಿದೆ. ಗಾಳಿ 22/24 ಮಾಡಿದೆ. ಕೂತ ಸುಖ ಜಾಸ್ತಿ ಆಯಿತು, ನಿಜ. ನಡುಕ ಹಾಗೇ ಇದೆ.

ಗ್ರೀಸ್_ಗನ್
ಲಿವರ್ ಆರ್ಮ್ ಡ್ಯಾಂಪರ್, ಅದೇ ಹಳೇ ತರಹದ ಶಾಕ್ ಅಬ್ಸಾರ್ಬರ್, ಅದರಲ್ಲಿ ಎಣ್ಣೆ ಇದೆಯಾ? ಇಲ್ಲದಿದ್ದರೆ ತುಂಬಿ. ಅದಾದ ಮೇಲೆ ಕಿಂಗ್‌ಪಿನ್.

ಲೇತ್_ರಾಯರು (ಪೀಣ್ಯ, ಬೆಂಗಳೂರು)
ನನ್ನ ಹತ್ತಿರ ಮಿಡ್ಜೆಟ್ ಇಲ್ಲ, ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ. ಎರಡು ಪ್ರಶ್ನೆ ಮಾತ್ರ. ಒಂದು, ಚಕ್ರ ಬಿಚ್ಚಿ ಮತ್ತೆ ಹಾಕಿದಾಗ ನಡುಕ ಬದಲಾಗುತ್ತದೆಯೇ? ಎರಡು, ಈ ಅಲಾಯ್ ಯಾವ ಕಾರಿನದು?

ಗ್ರೀಸ್_ಗನ್
ಹೆರಾಲ್ಡ್‌ನಲ್ಲಿ ಕಿಂಗ್‌ಪಿನ್ ಬದಲು ಟ್ರನಿಯನ್, ಅದರ ಕಥೆ ಬೇರೆ. ಅದಕ್ಕೆ ಗ್ರೀಸ್ ಅಲ್ಲ, ಗೇರ್ ಆಯಿಲ್.

ಲೇತ್_ರಾಯರು
ಗೊತ್ತು ಸ್ವಾಮಿ, ಅದನ್ನೇ ಹಾಕುತ್ತೇನೆ. ಮಾವನವರು ಉತ್ತರ ಹೇಳಲಿ.

ಮಿಡ್ಜೆಟ್_ಮಾವ
ರಾಯರೇ, ವಿಚಿತ್ರ ಅಂದರೆ ಅದೇ. ಜ್ಯಾಕ್ ಹಾಕಿ ಕಿಂಗ್‌ಪಿನ್ ನೋಡುವಾಗ ಚಕ್ರ ಬಿಚ್ಚಿದ್ದೆ. ಮತ್ತೆ ಹಾಕಿದ ಮೇಲೆ ನಡುಕ ಅರ್ಧಕ್ಕರ್ಧ ಇಳಿಯಿತು. ಗೆದ್ದೆ ಅಂದುಕೊಂಡೆ. ಬ್ರೇಕ್ ಪ್ಯಾಡ್ ನೋಡಲು ಇನ್ನೊಮ್ಮೆ ಬಿಚ್ಚಿ ಹಾಕಿದೆ, ಮೊದಲಿಗಿಂತ ಜಾಸ್ತಿ ಆಯಿತು.

ಅಲಾಯ್ ಹೊಸದು ಅಂದರೆ ನನಗೆ ಹೊಸದು. ಒಬ್ಬರ ಗ್ಯಾರೇಜಿನಲ್ಲಿ ಸಿಕ್ಕಿತು, ಪೌಡರ್ ಕೋಟ್ ಮಾಡಿಸಿದೆ. 13 ಇಂಚು, ನಾಲ್ಕು ತೂತು, ಹಳೇ ಬ್ರಿಟಿಷ್ ಕಾರಿಗೆಲ್ಲ ಆಗುತ್ತದೆ ಅಂದರು. ಸಲೀಸಾಗಿ ಕೂತಿತು. ಹಿಂಭಾಗದಲ್ಲಿ 4×100, ಇಟಿ38 ಅಂತ ಎರಕದಲ್ಲೇ ಇದೆ.

ಲೇತ್_ರಾಯರು
ಅಲ್ಲೇ ಇದೆ ನಿಮ್ಮ ನಡುಕ. ಮೊದಲು ಕಾರು ನಿಲ್ಲಿಸಿ. ಇದು ನಡುಕದ ವಿಷಯ ಮಾತ್ರ ಅಲ್ಲ, ಚಕ್ರ ಕಳಚುವ ವಿಷಯ.

ಮಿಡ್ಜೆಟ್‌ನ ಸ್ಟಡ್‌ಗಳು (ಚಕ್ರದ ನಟ್ ಕೂರುವ ಬೋಲ್ಟ್‌ಗಳು) ನಾಲ್ಕು ಇಂಚಿನ ವೃತ್ತದಲ್ಲಿವೆ, ಅಂದರೆ 101.6 ಮಿ.ಮೀ. ಹಳೇ ಮಿನಿಯದೂ ಅದೇ. ನಿಮ್ಮ ಅಲಾಯ್ 4×100, ಅಂದರೆ ನಾಲ್ಕು ತೂತು, 100 ಮಿ.ಮೀ. ವೃತ್ತ. ವ್ಯತ್ಯಾಸ 1.6 ಮಿ.ಮೀ. ಹಾಗಾದರೆ ಒಳಗೆ ಹೇಗೆ ಹೋಯಿತು ಅಂತ ಕೇಳುತ್ತೀರಿ. ಮಿಡ್ಜೆಟ್ ಸ್ಟಡ್ 3/8 ಇಂಚು, ಒಂಬತ್ತೂವರೆ ಮಿ.ಮೀ. ಮಾತ್ರ. ಆ ಅಲಾಯ್‌ನ ತೂತು 12 ಮಿ.ಮೀ. ಸ್ಟಡ್ಡೋ ಬೋಲ್ಟೋ ಹೋಗಲಿ ಅಂತ ಕೊರೆದದ್ದು. ತೆಳ್ಳಗಿನ ಸ್ಟಡ್, ದೊಡ್ಡ ತೂತು. ಅದಕ್ಕೇ ಸಲೀಸಾಗಿ ಕೂತಿತು. ಹೋಗದೆ ಇದ್ದಿದ್ದರೆ ನಿಮಗೆ ಅಂದೇ ಗೊತ್ತಾಗುತ್ತಿತ್ತು.

ಈ ಕಾರಿನಲ್ಲಿ ಚಕ್ರವನ್ನು ನಡುವಿಗೆ ತರುವುದು ನಟ್‌ನ ಕೋನು. ಮೊದಲು ಬಿಗಿ ಮಾಡಿದ ನಟ್ ಪೂರ್ತಿ ಕೂರುತ್ತದೆ. ಎದುರಿನದು ಅಂಚಿನ ಮೇಲೆ ಏರಿ ನಿಲ್ಲುತ್ತದೆ. ಚಕ್ರ ಮುಕ್ಕಾಲು ಮಿ.ಮೀ. ಪಕ್ಕಕ್ಕೆ ಸರಿದು ತಿರುಗುತ್ತದೆ. ಪ್ರತಿ ಸಲ ಯಾವ ನಟ್ ಮೊದಲು ಬಿಗಿಯಾಯಿತು ಅನ್ನುವುದರ ಮೇಲೆ ನಡುಕ ಹೆಚ್ಚು ಕಮ್ಮಿ. ಬ್ಯಾಲೆನ್ಸಿಂಗ್ ಮಿಷಿನ್ ಚಕ್ರವನ್ನು ಹಿಡಿಯುವುದು ನಡುವಿನ ದೊಡ್ಡ ತೂತಿನಿಂದ, ನಟ್‌ನ ತೂತಿನಿಂದ ಅಲ್ಲ. ಅದಕ್ಕೆ ಅಲ್ಲಿ ಸೊನ್ನೆ ಬರುತ್ತದೆ. ಮಿಷಿನ್ ಸುಳ್ಳು ಹೇಳುತ್ತಿಲ್ಲ.

ನಂಬಿಕೆ ಇಲ್ಲದಿದ್ದರೆ ವರ್ನಿಯರ್ ತೆಗೆದುಕೊಳ್ಳಿ. ನಡುವೆ ಹಬ್ ಅಡ್ಡ ಬರುವುದರಿಂದ ಎದುರುಬದುರು ಸ್ಟಡ್ ಅಳೆಯುವುದು ಕಷ್ಟ. ಅಕ್ಕಪಕ್ಕದ ಎರಡು ಸ್ಟಡ್‌ಗಳ ಹೊರಮೈಯಿಂದ ಹೊರಮೈಗೆ ಅಳೆದು ಒಂದು ಸ್ಟಡ್‌ನ ದಪ್ಪ ಕಳೆಯಿರಿ. 71.8 ಬಂದರೆ ನಾಲ್ಕು ಇಂಚಿನದು. 70.7 ಬಂದರೆ ನೂರರದು. ಆಮೇಲೆ ಚಕ್ರದ ತೂತಿನ ಇಳಿಜಾರು ನೋಡಿ. ನಟ್ ಉಜ್ಜಿದ ಹೊಳಪು ಸುತ್ತಲೂ ಇರಬೇಕು. ನಿಮ್ಮದರಲ್ಲಿ ಹೊರಗಿನ ಕಡೆ ಮಾತ್ರ ಅರೆಬರೆ ಇರುತ್ತದೆ.

ಗ್ರೀಸ್_ಗನ್
1.6 ಮಿ.ಮೀ.ಗೆ ಇಷ್ಟು ನಡುಗುವುದಿಲ್ಲ. ಎಷ್ಟೋ ಜನ ಹಾಕಿಕೊಂಡು ಓಡಿಸುತ್ತಾರೆ. ವೇರಿಯಬಲ್ ನಟ್ ಅಂತ ಸಿಗುತ್ತದೆ, ಕೋನು ಸಡಿಲ ಇರುತ್ತದೆ, ಅದನ್ನು ಹಾಕಿದರೆ ಸರಿ.

ಲೇತ್_ರಾಯರು
ಎಷ್ಟೋ ಜನ ಓಡಿಸುತ್ತಾರೆ, ನಟ್ ಸಡಿಲವಾದವರು ಇಲ್ಲಿ ಬಂದು ಬರೆಯುವುದಿಲ್ಲ. ವೇರಿಯಬಲ್ ನಟ್ ಹಾಕಿದರೆ ಚಕ್ರವನ್ನು ನಡುವಿಗೆ ಹಿಡಿಯಲು ಇನ್ನೇನಾದರೂ ಬೇಕು. ಈಗಿನ ಕಾರಿನಲ್ಲಿ ಹಬ್‌ನ ಮೂತಿ ಚಕ್ರದ ನಡುತೂತಿಗೆ ಸರಿಯಾಗಿ ಕೂತು ಆ ಕೆಲಸ ಮಾಡುತ್ತದೆ. ಇಲ್ಲಿ ಆ ಅಲಾಯ್‌ಗೂ ಈ ಹಬ್‌ಗೂ ಸಂಬಂಧವೇ ಇಲ್ಲ. ರಿಂಗ್ ಕಡೆಸಿ ಹಾಕಬಹುದು, ನಾನೇ ಲೇತ್‌ನಲ್ಲಿ ಮಾಡಬಲ್ಲೆ. ಮಾಡುವುದಿಲ್ಲ.

ಸ್ಪೋಕ್_ಶೆಟ್ರು
ಇದಕ್ಕೇ ಹೇಳಿದ್ದು. ವೈರ್ ವೀಲ್‌ಗೆ ಪಿಸಿಡಿಯೇ (ತೂತುಗಳ ವೃತ್ತದ ಅಳತೆ) ಇಲ್ಲ. ಫೋಟೋ ಹಾಕಿದ್ದೇನೆ, ನೋಡಿ.

ಮಿಡ್ಜೆಟ್_ಮಾವ
ಅಳೆದೆ. 71.8 ಅಂತಲೇ ಬಂತು. ತೂತಿನ ಹೊರಗಡೆ ಮಾತ್ರ ಉಗುರಿನಷ್ಟು ಹೊಳಪು, ಒಳಗಡೆ ಪೌಡರ್ ಕೋಟ್ ಬಣ್ಣ ಹಾಗೇ ಇದೆ. ಎರಡು ನಟ್ ಕೈಯಲ್ಲೇ ತಿರುಗುವಷ್ಟು ಸಡಿಲ ಆಗಿದ್ದವು. ಮಾರಿದವರಿಗೆ ಮೆಸೇಜ್ ಹಾಕಿದ್ದೇನೆ, ನೋಡಿ ಸುಮ್ಮನಿದ್ದಾರೆ. ಈಗ ಹಳೇ ರೋಸ್ಟೈಲ್ ಸ್ಟೀಲ್ ಚಕ್ರ ಹಾಕಿ ನಿಲ್ಲಿಸಿದ್ದೇನೆ. ಟಯರ್ ದುಡ್ಡೂ ಹೋದ ಹಾಗೇನಾ?

ಕೋವೆಂಟ್ರಿ_ಕುಳ್ಳ
ಟಯರ್ ಹೋಗಲಿ ಬಿಡಿ, ಅದು ಹೇಗೂ ಸವರುತ್ತಿತ್ತು. ಮತ್ತೆ ಅಲಾಯ್ ತೆಗೆದುಕೊಳ್ಳುವುದಾದರೆ 13 ಇಂಚು, ಐದು ಅಥವಾ ಐದೂವರೆ ಅಗಲ, 4×101.6 ಅಂತ ಬರವಣಿಗೆಯಲ್ಲಿ ಹಾಕಿಸಿಕೊಳ್ಳಿ. ಮಿಡ್ಜೆಟ್‌ಗೆ ಅಂತಲೇ ಮಾಡಿದ್ದು ಸಿಗುತ್ತದೆ. ಇಟಿ ಅಂಕಿ ಹೆಚ್ಚಾದಷ್ಟೂ ಚಕ್ರ ಒಳಗೆ ಸರಿಯುತ್ತದೆ ಅನ್ನುವುದು ನೆನಪಿರಲಿ. ಮಿನಿಲೈಟ್ ಮಾದರಿಯವು ಸಾಮಾನ್ಯವಾಗಿ 25ರ ಆಸುಪಾಸು, ನಿಮ್ಮದು 38 ಇತ್ತು. ನಟ್ ಚಕ್ರದ ಜೊತೆಗೆ ಬಂದದ್ದನ್ನೇ ಹಾಕಿ. ಕೆಲವಕ್ಕೆ ಕೋನು, ಕೆಲವಕ್ಕೆ ಉದ್ದ ಕತ್ತಿನ ಚಪ್ಪಟೆ ನಟ್. ಟಯರ್ 165/70 ಸಾಕು. ಆಯ್ಕೆ ವರ್ಷ ವರ್ಷ ಕಮ್ಮಿ ಆಗುತ್ತಿದೆ. ಮೆಲ್ಕ್‌ಶಾಮ್‌ನ ಏವನ್ ಫ್ಯಾಕ್ಟರಿಯೂ 2023ರ ಕೊನೆಗೆ ನಿಂತಿತಲ್ಲ.

ಅಂಗಡಿಯಲ್ಲಿ ಏರ್ ಗನ್ ಹಿಡಿಯಲು ಬಿಡಬೇಡಿ. 45 ಪೌಂಡ್-ಅಡಿ ಸಾಕು, ಟಾರ್ಕ್ ರೆಂಚ್‌ನಲ್ಲಿ ಎದುರುಬದುರು ಬಿಗಿ ಮಾಡಿ. ಸ್ವಲ್ಪ ಓಡಿಸಿ ಮತ್ತೊಮ್ಮೆ ನೋಡಿ. ಸಡಿಲ ನಟ್‌ನಲ್ಲಿ ಓಡಿದ ಸ್ಟಡ್‌ಗಳನ್ನೂ ಬದಲಾಯಿಸಿ. ಇನ್ಶೂರೆನ್ಸ್‌ಗೆ ಅಲಾಯ್ ಹಾಕಿದ್ದು ತಿಳಿಸಿ.

ಆರ್ಟಿಕಲ್_15
ಇನ್ಶೂರೆನ್ಸ್ ಮಾತು ಸರಿ. ಟಯರ್ ವಯಸ್ಸಿನ ಮಾತು ಇನ್ನೂ ಒಪ್ಪಿಲ್ಲ.

ಗ್ರೀಸ್_ಗನ್
ರೋಸ್ಟೈಲ್‌ನಲ್ಲಿ ನಡುಕ ನಿಂತರೂ ಕಿಂಗ್‌ಪಿನ್ ಒಮ್ಮೆ ಬಿಚ್ಚಿಸಿ ನೋಡಿ.

ಮಿಯಾಟ_ಮೈಸೂರು (ಬ್ರಿಸ್ಟಲ್)
ನಮ್ಮದು 1991ರ ಮಾಜ್ದಾ ಎಂಎಕ್ಸ್-5. 15 ಇಂಚು ಹಾಕಿದ್ದೇನೆ, 195/50. ಕಂಪನಿಯ 185/60 ಆರ್14ಕ್ಕೂ ಇದಕ್ಕೂ ಎತ್ತರದಲ್ಲಿ ಎರಡು ಮಿ.ಮೀ. ವ್ಯತ್ಯಾಸ ಇಲ್ಲ. ಟಯರ್ ಬೇಕಾದಷ್ಟು ಸಿಗುತ್ತದೆ, ಸೆಮಿ ಸ್ಲಿಕ್ ಕೂಡ. ಚಕ್ರ ಹಗುರದ್ದು, ಒಂದೇ ಕೈಯಲ್ಲಿ ಎತ್ತಬಹುದು. ಮಾವನವರೇ, ನನ್ನದು 4×100. ಆ ಅಲಾಯ್ ಮಾರುತ್ತೀರಾ? ಚಳಿಗಾಲಕ್ಕೆ ಒಂದು ಸೆಟ್ ಬೇಕಿತ್ತು.

ಲೇತ್_ರಾಯರು
ನಿಮ್ಮ ಹಬ್ 54.1 ಮಿ.ಮೀ. ಆ ಚಕ್ರದ ನಡುತೂತು ಎಷ್ಟು ಅಂತ ಅಳೆಸಿದ್ದೀರಾ? 13 ಇಂಚಿನ ಒಳಗೆ ನಿಮ್ಮ ಬ್ರೇಕ್ ಕ್ಯಾಲಿಪರ್ ಹಿಡಿಯುತ್ತದೆಯೇ?

ಮಿಯಾಟ_ಮೈಸೂರು
4×100 ಅಂದಮೇಲೆ ಕೂರುತ್ತದೆ ಅಲ್ವಾ ಸರ್?